ಕಲ್ಲಿನ ಮೊನೆ ಉಳಿಯಿತು, ಕಾವು ಕರಗಿತು

ಜರ್ಮನಿಯ ಹ್ಯಾಂಬರ್ಗ್ ನಗರದ ಈಶಾನ್ಯಕ್ಕೆ ಸ್ಟೆಲ್‌ಮೋರ್ ಎಂಬ ಜೌಗು ಕಣಿವೆಯಿದೆ. 1930ರ ದಶಕದ ನಡುವಿನಲ್ಲಿ ಆಲ್ಫ್ರೆಡ್ ರುಸ್ಟ್ ಅಲ್ಲಿ ಉತ್ಖನನ ನಡೆಸಿದರು. ಅವರು ಕಲಿತದ್ದು ಎಲೆಕ್ಟ್ರಿಷಿಯನ್ ಕೆಲಸ. ಪುರಾತತ್ವದ ಹಂಬಲಕ್ಕೆ ಸೈಕಲ್ ತುಳಿದುಕೊಂಡು ಸಿರಿಯಾದವರೆಗೂ ಹೋಗಿ ಬಂದವರು. ಕಣಿವೆಯ ಕೆಸರಿನಲ್ಲಿ ಅವರಿಗೆ ಹಿಮಸಾರಂಗಗಳ ಎಲುಬುಗಳು ಸಾವಿರಗಟ್ಟಲೆ ಸಿಕ್ಕವು. ಜೊತೆಗೆ ಸುಮಾರು ನೂರು ಬಾಣಗಳು. ಪೈನ್ ಮರದಲ್ಲಿ ಮಾಡಿದ ಆ ಬಾಣಗಳು 11,000 ವರ್ಷಕ್ಕೂ ಹಿಂದಿನವು. ಕೆಲವಕ್ಕೆ ತುದಿಯಲ್ಲೊಂದು ಬೇರೆ ತುಂಡನ್ನು ಜೋಡಿಸಿದ್ದರು: ಬಾಣ ಪ್ರಾಣಿಗೆ ನಾಟಿ ಮುರಿದರೆ ಮುಂದಿನ ತುಂಡಷ್ಟೇ ಹೋಗಲಿ, ಉದ್ದನೆಯ ಕೋಲು ಮತ್ತೆ ಕೈಗೆ ಬರಲಿ ಎಂಬ ಲೆಕ್ಕಾಚಾರ ಅದರಲ್ಲಿದ್ದಂತಿದೆ. ನೆಟ್ಟಗಿನ ಕೋಲು ಸಿಗುವುದು, ಅದನ್ನು ಹದ ಮಾಡುವುದು ಎಷ್ಟು ಕಷ್ಟವೆಂದು ಬಲ್ಲವರ ಲೆಕ್ಕಾಚಾರ.

ಹನ್ನೊಂದು ಸಹಸ್ರಮಾನ ಕೆಸರಿನಲ್ಲಿ ಕೊಳೆಯದೆ ಉಳಿದಿದ್ದ ಆ ಬಾಣಗಳು ಮೇಲೆ ಬಂದು ಹತ್ತು ವರ್ಷ ತುಂಬುವಷ್ಟರಲ್ಲಿ ಎರಡನೇ ಮಹಾಯುದ್ಧ ಕೀಲ್ ನಗರವನ್ನು ಧ್ವಂಸ ಮಾಡಿತು. ಸಂಗ್ರಹ ಅಲ್ಲಿತ್ತು. ಬಾಣಗಳು ಹೋದವು. ಜಗತ್ತಿನ ಅತಿ ಹಳೆಯ ಮರದ ಬಾಣಗಳ ಬಗ್ಗೆ ಇಂದು ನಮಗೆ ತಿಳಿದಿರುವುದೆಲ್ಲ ರುಸ್ಟ್ ಅವರ ಬರಹ, ರೇಖಾಚಿತ್ರ, ಫೋಟೊಗಳಿಂದ.

ಈ ಪ್ರಸಂಗವನ್ನು ಮೊದಲಿಗೇ ಹೇಳಿದ್ದಕ್ಕೆ ಕಾರಣವಿದೆ. ಬೇಟೆಯ ಆಯುಧ ಹುಟ್ಟಿದ್ದು ಹೇಗೆ, ಎಲ್ಲಿ, ಯಾವಾಗ ಎಂದು ಹುಡುಕಲು ಹೊರಟವರ ಕೈಗೆ ಸಿಗುವುದು ಕಲ್ಲು. ಆದರೆ ಆಯುಧದಲ್ಲಿ ಕಲ್ಲಿನ ಪಾಲು ತೀರಾ ಚಿಕ್ಕದು. ಬಾಣವೊಂದರಲ್ಲಿ ಬೆರಳ ತುದಿಯಷ್ಟು ಕಲ್ಲಿದ್ದರೆ ಮಿಕ್ಕದ್ದು ಮರ, ಗರಿ, ನರದ ದಾರ, ಅಂಟು. ಬಿಲ್ಲಿನಲ್ಲಂತೂ ಕಲ್ಲೇ ಇಲ್ಲ. ಮೊನಚು ಮಾಡಿದ ಬರೀ ಮರದ ಈಟಿಗೂ ಕಲ್ಲು ಬೇಕಿಲ್ಲ. ಆಯುಧ ಮಾಡಿದವನ ಜಾಣ್ಮೆ ಹೆಚ್ಚಾಗಿ ಇದ್ದದ್ದು ಈ ಕೊಳೆಯುವ ಭಾಗದಲ್ಲಿ: ಯಾವ ಮರ, ಯಾವ ಕಡೆಯ ಕೊಂಬೆ, ಎಷ್ಟು ಕಾಯಿಸಿದ ಅಂಟು, ಎಷ್ಟು ಬಿಗಿಯ ಕಟ್ಟು. ನಮ್ಮ ಪಠ್ಯಪುಸ್ತಕಗಳಲ್ಲಿ ಆದಿಮಾನವ ಎಂದೊಡನೆ ಒರಟು ಕಲ್ಲನ್ನು ಹಿಡಿದ ಚಿತ್ರ ಬರುತ್ತದೆ. ಆ ಚಿತ್ರಕ್ಕೆ ಮೂಲ ಮಣ್ಣಿನ ಗುಣ. ಯಾವುದನ್ನು ಉಳಿಸಬೇಕು, ಯಾವುದನ್ನು ತಿನ್ನಬೇಕು ಎಂದು ತೀರ್ಮಾನಿಸಿದ್ದು ಮಣ್ಣು. ಆ ಚಿತ್ರವನ್ನು ತಿದ್ದಲು ಕಳೆದ ಮೂವತ್ತು ವರ್ಷಗಳ ಪುರಾತತ್ವ ಸಾಕಷ್ಟು ಬೆವರು ಹರಿಸಿದೆ.

ಕಲ್ಲಿದ್ದಲ ಗಣಿಯ ಈಟಿಗಳು

ಮೊನಚು ಕೋಲು ಎಷ್ಟು ಹಳೆಯದು? ಸೆನೆಗಲ್ ದೇಶದ ಫೊಂಗೋಲಿಯಲ್ಲಿ ಚಿಂಪಾಂಜಿಗಳ ಬೆನ್ನು ಹತ್ತಿದ್ದ ಜಿಲ್ ಪ್ರೂಟ್ಸ್ 2007ರಲ್ಲಿ ಒಂದು ವರದಿ ಪ್ರಕಟಿಸಿದರು. ಅಲ್ಲಿನ ಚಿಂಪಾಂಜಿಗಳು ಕೊಂಬೆ ಮುರಿದು, ಎಲೆ ತರಿದು, ತುದಿಯನ್ನು ಹಲ್ಲಿನಿಂದ ಕಚ್ಚಿ ಚೂಪಾಗಿಸಿ, ಮರದ ಪೊಟರೆಯಲ್ಲಿ ಹಗಲು ನಿದ್ರೆ ಮಾಡುವ ಬುಷ್‌ಬೇಬಿ ಎಂಬ ಪುಟ್ಟ ಪ್ರಾಣಿಯನ್ನು ತಿವಿಯುತ್ತವೆ. ಗಂಡುಗಳಿಗಿಂತ ಹೆಣ್ಣುಗಳು ಮತ್ತು ಮರಿಗಳೇ ಇದರಲ್ಲಿ ಮುಂದು. ಇದನ್ನು ಓದಿದ ಮೇಲೆ, ಮೊನಚು ಕೋಲಿನ ಮೊದಲ ದಿನವನ್ನು ಗುರುತಿಸುವ ಆಸೆಯನ್ನು ಕೈಬಿಡುವುದೇ ಮೇಲು. ನಾವು ಕೇಳಬಹುದಾದದ್ದು ಬೇರೆ ಪ್ರಶ್ನೆ: ದೊಡ್ಡ ಪ್ರಾಣಿಯನ್ನು ಕೊಲ್ಲಲೆಂದೇ, ಮುಂಚಿತವಾಗಿ ಯೋಚಿಸಿ, ಶ್ರಮಪಟ್ಟು ಮಾಡಿದ ಆಯುಧ ಎಂದಿನಿಂದ ಕಾಣುತ್ತದೆ?

ಹಳೆಯ ಸಾಕ್ಷಿ 1911ರಲ್ಲೇ ಸಿಕ್ಕಿತ್ತು. ಇಂಗ್ಲೆಂಡಿನ ಎಸೆಕ್ಸ್ ಕರಾವಳಿಯ ಕ್ಲ್ಯಾಕ್ಟನ್‌ನಲ್ಲಿ ಸ್ಯಾಮ್ಯುಯೆಲ್ ಹ್ಯಾಜಲ್‌ಡೈನ್ ವಾರನ್ ಯೂ ಮರದ ಒಂದು ಮೊನೆಯನ್ನು ಕಂಡರು. ಸುಮಾರು 4 ಲಕ್ಷ ವರ್ಷ ಹಿಂದಿನ ಅದು ಈಗ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ. 1948ರಲ್ಲಿ ಜರ್ಮನಿಯ ಲೇರಿಂಗನ್‌ನಲ್ಲಿ ಇನ್ನೂ ದೊಡ್ಡದು ದೊರೆಯಿತು: ನೇರ ದಂತದ ಆನೆಯೊಂದರ ಅಸ್ಥಿಪಂಜರದ ನಡುವೆ ಎರಡು ಮೀಟರಿಗೂ ಉದ್ದದ ಯೂ ಮರದ ಈಟಿ. ಇಷ್ಟಾದರೂ ವಿದ್ವಾಂಸರು ಒಪ್ಪಲಿಲ್ಲ. 1980ರ ದಶಕದಲ್ಲಿ ಲೂಯಿಸ್ ಬಿನ್‌ಫರ್ಡ್ ಅವರ ವಾದ ಪ್ರಬಲವಾಗಿತ್ತು: ಆ ಕಾಲದ ಮನುಷ್ಯರು ಬೇಟೆಗಾರರಲ್ಲ, ಹುಲಿ-ಸಿಂಹಗಳು ಬಿಟ್ಟುಹೋದ ಹೆಣವನ್ನು ಹುಡುಕಿ ತಿನ್ನುತ್ತಿದ್ದವರು, ಒಗ್ಗಟ್ಟಾಗಿ ಯೋಜನೆ ಹಾಕಿ ಬೇಟೆಯಾಡುವಷ್ಟು ಬುದ್ಧಿ ಬಂದದ್ದು ತೀರಾ ಈಚೆಗೆ. ಹಾಗಾದರೆ ಕ್ಲ್ಯಾಕ್ಟನ್ನಿನ ಮೊನೆ? ಗಡ್ಡೆ ಅಗೆಯುವ ಕೋಲಿರಬಹುದು ಎಂದರು. ಹಿಮದಡಿ ಹೂತ ಹೆಣವನ್ನು ಚುಚ್ಚಿ ಹುಡುಕುವ ಸಲಾಕೆ ಇರಬಹುದೆಂದೂ ಹೇಳಿದರು.

ಈ ವಾದದ ಬುಡ ಅಲುಗಾಡಿದ್ದು ಶೋನಿಂಗನ್‌ನಲ್ಲಿ. ಉತ್ತರ ಜರ್ಮನಿಯ ಲೋವರ್ ಸ್ಯಾಕ್ಸನಿಯ ಆ ಊರಿನ ಪಕ್ಕ ಲಿಗ್ನೈಟ್ ಕಲ್ಲಿದ್ದಲಿನ ತೆರೆದ ಗಣಿ. ದೈತ್ಯ ಯಂತ್ರಗಳು ಮೈಲಿಗಟ್ಟಲೆ ನೆಲವನ್ನು ಕೆರೆಯುತ್ತ ಮುಂದೆ ಹೋಗುವಾಗ ಅವುಗಳ ಬಾಯಿಗೆ ಸಿಗುವ ಮೊದಲೇ ಹಳೆಯ ಕುರುಹುಗಳನ್ನು ಎತ್ತಿಕೊಳ್ಳಬೇಕು ಎಂದು ಹಾರ್ಟ್‌ಮುಟ್ ಥೀಮೆ 1983ರಿಂದ ಅಲ್ಲಿ ದುಡಿಯುತ್ತಿದ್ದರು. 1994ರಲ್ಲಿ ಎರಡೂ ತುದಿ ಚೂಪಾದ ಒಂದು ಕೋಲು ಹೊರಬಂತು. ಮರುವರ್ಷದಿಂದ ಒಂದೊಂದಾಗಿ ಈಟಿಗಳು. ಬಹಳ ಹಿಂದೆ ಅಲ್ಲೊಂದು ಕೆರೆಯಿತ್ತು. ದಡದ ಕೆಸರು ಆಯುಧಗಳನ್ನೂ ಎಲುಬುಗಳನ್ನೂ ಮುಚ್ಚಿತು. ಮೇಲೆ ಪದರದ ಮೇಲೆ ಪದರ ಬಂದು ಕೂತಿತು. ಗಾಳಿಯಾಡದ, ಸದಾ ನೀರು ತುಂಬಿದ ಆ ಮಣ್ಣಿನಲ್ಲಿ ಮರ ತಿನ್ನುವ ಜೀವಿಗಳು ಬದುಕಲಿಲ್ಲ. 1997ರಲ್ಲಿ ಥೀಮೆ ‘ನೇಚರ್’ ಪತ್ರಿಕೆಯಲ್ಲಿ ಈಟಿಗಳ ವಿವರ ಪ್ರಕಟಿಸಿದಾಗ ಪುರಾತತ್ವದ ವಲಯ ಬೆಚ್ಚಿತು.

ಈಟಿಗಳ ವಿಚಾರದಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಅವುಗಳಲ್ಲಿ ಓದಿಕೊಳ್ಳುವುದು ಬಹಳಷ್ಟಿದೆ. ಉದ್ದ ಹೆಚ್ಚುಕಡಿಮೆ 1.8 ಮೀಟರಿನಿಂದ 2.5 ಮೀಟರ್. ಒಂದನ್ನು ಬಿಟ್ಟು ಮಿಕ್ಕವೆಲ್ಲ ಸ್ಪ್ರೂಸ್ ಮರದವು, ಅದೊಂದು ಪೈನ್. ಕೊಂಬೆಯನ್ನು ಕಡಿದು ಚೂಪು ಮಾಡಿದ್ದಲ್ಲ, ಒಂದೊಂದು ಈಟಿಗೂ ಒಂದೊಂದು ಎಳೆಯ ಮರದ ಕಾಂಡವನ್ನೇ ಬಳಸಿದ್ದಾರೆ. ಚಳಿ ಹೆಚ್ಚಿರುವ ಕಡೆ ಮರ ನಿಧಾನ ಬೆಳೆಯುತ್ತದೆ, ವರ್ಷದ ಬಳೆಗಳು ಒತ್ತೊತ್ತಾಗಿ ಕೂಡುತ್ತವೆ, ಮರ ಗಟ್ಟಿಯಾಗುತ್ತದೆ. ಅಂಥ ಮರವನ್ನೇ ಆರಿಸಿದ್ದಾರೆ. ತೊಗಟೆ ಸುಲಿದು, ರೆಂಬೆಯ ಗಂಟುಗಳನ್ನು ಸವರಿ ನುಣುಪು ಮಾಡಿದ್ದಾರೆ. ಮೊನೆಯನ್ನು ಕಡೆದದ್ದು ಮರದ ಬುಡದ ತುದಿಯಲ್ಲಿ, ಅಂದರೆ ಮರ ಅತಿ ಗಟ್ಟಿಯಿರುವ ಕಡೆ. ಕಾಂಡದ ನಟ್ಟನಡುವೆ ಮೆದುವಾದ ತಿರುಳು ಇರುತ್ತದಲ್ಲ, ಮೊನೆ ಸರಿಯಾಗಿ ಅದರ ಮೇಲೆ ಬಂದರೆ ಬೇಗ ಸವೆದು ಮೊಂಡಾಗುತ್ತದೆ. ಅದಕ್ಕೆಂದೇ ಮೊನೆಯನ್ನು ತಿರುಳಿನಿಂದ ಒಂದಿಷ್ಟು ಪಕ್ಕಕ್ಕೆ ಸರಿಸಿ ಕಡೆದಿದ್ದಾರೆ. ತೂಕದ ಕೇಂದ್ರ ನಡುವಿಗಿಂತ ಮುಂದಕ್ಕಿದೆ, ಇಂದಿನ ಜಾವೆಲಿನ್‌ಗಳಲ್ಲಿ ಇರುವ ಹಾಗೆ.

ಇಷ್ಟೆಲ್ಲ ಒಂದು ಮಧ್ಯಾಹ್ನದಲ್ಲಿ ತೋಚುವ ಸಂಗತಿಗಳಲ್ಲ. ತಿರುಳು ಬೇಗ ಸವೆಯುತ್ತದೆಂದು ಗೊತ್ತಾಗಲು ಯಾರೋ ಎಷ್ಟೋ ಈಟಿ ಮೊಂಡು ಮಾಡಿಕೊಂಡಿರಬೇಕು. ಅದನ್ನು ಇನ್ನೊಬ್ಬರಿಗೆ ಹೇಳಿಕೊಟ್ಟಿರಬೇಕು. ಕೈಹಿಡಿದು ಕಲಿಸುವ ಪರಂಪರೆಯಿಲ್ಲದೆ ಹತ್ತಾರು ಈಟಿಗಳು ಒಂದೇ ಪಾಠವನ್ನು ಪಾಲಿಸುವುದು ಹೇಗೆ? ಇವನ್ನು ಮಾಡಿದವರು ನಮ್ಮ ಜಾತಿಯವರೂ ಅಲ್ಲ. ಹೋಮೋ ಹೈಡೆಲ್‌ಬರ್ಗೆನ್ಸಿಸ್ ಅಥವಾ ಆದಿ ನಿಯಾಂಡರ್ತಲ್ ಮಾನವರು. ಈಟಿಗಳ ಜೊತೆಗೆ ಕಾಡುಕುದುರೆಗಳ ಎಲುಬು ರಾಶಿಯಾಗಿ ಸಿಕ್ಕಿದೆ. ಕನಿಷ್ಠ ಇಪ್ಪತ್ತು ಕುದುರೆಗಳಾದರೂ ಲೆಕ್ಕಕ್ಕೆ ಬರುತ್ತವೆ. ಎಲುಬಿನ ಮೇಲೆ ಮಾಂಸ ಬಿಡಿಸಿದ ಕಲ್ಲಿನ ಗೆರೆಗಳಿವೆ.

ಇಷ್ಟು ಭಾರದ ಈಟಿ ತಿವಿಯಲಷ್ಟೇ ಲಾಯಕ್ಕು, ದೂರ ಹೋಗದು ಎಂದು ವಾದಿಸಿದವರೂ ಇದ್ದರು. ಅನೆಮೀಕ್ ಮಿಲ್ಕ್ಸ್ ಅದನ್ನು ಪರೀಕ್ಷಿಸಿದರು. ಶೋನಿಂಗನ್ ಈಟಿಯ ಪ್ರತಿಕೃತಿಗಳನ್ನು ಮಾಡಿಸಿ, ತರಬೇತಾದ ಜಾವೆಲಿನ್ ಪಟುಗಳ ಕೈಗೆ ಕೊಟ್ಟರು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 20 ಮೀಟರ್ ದೂರದ ಗುರಿಗೂ ಈಟಿ ತಾಗಿತು, ಪ್ರಾಣಿಯನ್ನು ಕೊಲ್ಲಬಲ್ಲ ರಭಸ ಅದಕ್ಕಿತ್ತು. ಅದುವರೆಗೆ ಹತ್ತು ಮೀಟರಿನ ಆಚೆಗೆ ಕೈ ಈಟಿ ನಿಷ್ಪ್ರಯೋಜಕ ಎಂಬ ನಂಬಿಕೆಯಿತ್ತು. ಹಿಂದಿನ ಪ್ರಯೋಗಗಳಲ್ಲಿ ಎಸೆದವರು ಎಸೆತ ಕಲಿತವರಲ್ಲ ಎಂಬುದನ್ನು ಯಾರೂ ಗಂಭೀರವಾಗಿ ಎಣಿಸಿರಲಿಲ್ಲ! ಹುಟ್ಟಿದಂದಿನಿಂದ ಎಸೆಯುತ್ತಲೇ ಬೆಳೆದವನ ತೋಳಿನ ಶಕ್ತಿಯನ್ನು ಪುಸ್ತಕದ ಮುಂದೆ ಕೂತವರ ತೋಳಿನಿಂದ ಅಳೆಯಲು ಬಾರದು.

ಅದೇ ಗಣಿಯಲ್ಲಿ ಸಿಕ್ಕ ಎಸೆಗೋಲುಗಳನ್ನೂ ಇಲ್ಲಿ ನೆನೆಯಬೇಕು. 2020ರಲ್ಲಿ ವರದಿಯಾದ ಒಂದರ ಉದ್ದ 64.5 ಸೆಂಟಿಮೀಟರ್, ತೂಕ 264 ಗ್ರಾಂ. ತಿರುಗುತ್ತ ಹಾರಿ ಹಕ್ಕಿಗೋ ಮೊಲಕ್ಕೋ ಬಡಿಯುವಂಥದ್ದು. ತಮಿಳುನಾಡಿನ ಶಿವಗಂಗೆ ಸೀಮೆಯ ವಳರಿ ಎಂಬ ಬಾಗಿದ ಎಸೆಗೋಲನ್ನು ಕಂಡವರಿಗೆ ಈ ಬಗೆಯ ಆಯುಧ ಅಪರಿಚಿತವಲ್ಲ.

ಕಾಲದ ವಿಚಾರ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಥೀಮೆ ಹೇಳಿದ್ದು 4 ಲಕ್ಷ ವರ್ಷ. ಆಮೇಲೆ ಅದು 3 ಲಕ್ಷಕ್ಕೆ ಇಳಿಯಿತು. ಪದರದಲ್ಲಿದ್ದ ಬಸವನಹುಳುಗಳ ಪಳೆಯುಳಿಕೆಯಲ್ಲಿನ ಅಮೈನೊ ಆಮ್ಲಗಳನ್ನು ಅಳೆದ 2025ರ ಅಧ್ಯಯನ ಸುಮಾರು 2 ಲಕ್ಷ ಎನ್ನುತ್ತಿದೆ. ಇದನ್ನು ಹಿನ್ನಡೆ ಎಂದು ಕಾಣುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ತಿರುಳನ್ನು ತಪ್ಪಿಸಿ ಕಡೆದ ಮೊನೆಯ ಬೆಲೆ ಲಕ್ಷದ ಲೆಕ್ಕದಿಂದ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ.

ಎಲುಬಿನಲ್ಲಿ ಉಳಿದ ಗಾಯ

ಆಯುಧ ಸಿಗದಿದ್ದರೂ ಅದು ಮಾಡಿದ ಗಾಯ ಸಿಗಬಹುದು. ಜರ್ಮನಿಯದೇ ಇನ್ನೊಂದು ಹಳೆಯ ಕೆರೆ ದಂಡೆ ನೊಯ್‌ಮಾರ್ಕ್-ನೋರ್ಡ್. ಅಲ್ಲಿ 1.2 ಲಕ್ಷ ವರ್ಷ ಹಿಂದಿನ ಎರಡು ಜಿಂಕೆಗಳ ಎಲುಬಿನಲ್ಲಿ ತೂತುಗಳಿವೆ: ಒಂದರ ಸೊಂಟದ ಮೂಳೆಯಲ್ಲಿ, ಇನ್ನೊಂದರ ಕತ್ತಿನ ಮೂಳೆಯಲ್ಲಿ. ಸಬೀನ್ ಗೌಡ್ಜಿನ್ಸ್ಕಿ-ವಿಂಡ್‌ಹೋಯ್ಸರ್ ಮತ್ತವರ ಬಳಗ ಮರದ ಈಟಿಗೆ ಚಲನೆ ಅಳೆಯುವ ಸೆನ್ಸರ್ ಕಟ್ಟಿ, ಜಿಂಕೆಯ ಎಲುಬುಗಳ ಮೇಲೆ ಪ್ರಯೋಗಿಸಿ, ತೂತಿನ ಆಕಾರವನ್ನು ಹೋಲಿಸಿ ನೋಡಿತು. 2018ರಲ್ಲಿ ಬಂದ ತೀರ್ಮಾನ: ಈಟಿಯನ್ನು ಎಸೆದದ್ದಲ್ಲ, ಹತ್ತಿರದಿಂದ ತಿವಿದದ್ದು, ಅದೂ ಕೆಳಗಿನಿಂದ ಮೇಲಕ್ಕೆ. ದಟ್ಟ ಕಾಡಿನಲ್ಲಿ ಜಿಂಕೆಯ ಪಕ್ಕೆಗೆ ಕೈ ಎಟಕುವಷ್ಟು ಸಮೀಪ ಹೋಗುವುದೆಂದರೆ ಹಲವರು ಸೇರಿ, ಸದ್ದಿಲ್ಲದೆ, ಒಬ್ಬರನ್ನೊಬ್ಬರು ನಂಬಿ ಮಾಡಬೇಕಾದ ಕೆಲಸ. ಅವರು ನಿಯಾಂಡರ್ತಲ್ ಮಾನವರು.

ಸಿರಿಯಾದ ಉಮ್ ಎಲ್ ತ್ಲೆಲ್ ಎಂಬಲ್ಲಿ ಕಾಡುಕತ್ತೆಯೊಂದರ ಕತ್ತಿನ ಎಲುಬಿನಲ್ಲಿ ಕಲ್ಲಿನ ಮೊನೆಯ ಮುರುಕೇ ಹೂತು ಕೂತಿದೆ. ಅಲ್ಲಿ ಊಹೆಗೆ ಎಡೆಯೇ ಇಲ್ಲ.

ಕಲ್ಲನ್ನು ಕೋಲಿಗೆ ಕೂಡಿಸಿದ್ದು

ಮರದ ಕೋಲಿಗೆ ಕಲ್ಲಿನ ಮೊನೆ ಕೂಡಿಸಿದ್ದು ಯಾವಾಗ ಎಂಬ ಪ್ರಶ್ನೆ ಇನ್ನೂ ಜಟಿಲ. ದಕ್ಷಿಣ ಆಫ್ರಿಕದ ಕಾತು ಪ್ಯಾನ್ ಎಂಬಲ್ಲಿನ 5 ಲಕ್ಷ ವರ್ಷ ಹಿಂದಿನ ಕಲ್ಲಿನ ಮೊನೆಗಳು ಈಟಿಯ ತುದಿಯಲ್ಲಿದ್ದವು ಎಂದು ಜೇನ್ ವಿಲ್ಕಿನ್ಸ್ ಮತ್ತು ಸಂಗಡಿಗರು 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಅಂಥದೇ ಮೊನೆಗಳನ್ನು ಹೊಸದಾಗಿ ಮಾಡಿ, ಅಳತೆ ಮಾಡಿದ ಬಲದಿಂದ ಬಿಡುವ ಅಡ್ಡಬಿಲ್ಲಿನಿಂದ ಜಿಂಕೆಜಾತಿಯ ಪ್ರಾಣಿಯ ಕಳೇಬರಕ್ಕೆ ಹೊಡೆದು, ತುದಿ ಮುರಿದ ಬಗೆ ಹಳೆಯದಕ್ಕೆ ಹೊಂದುತ್ತದೆಂದು ತೋರಿಸಿದರು. ಅದನ್ನು ಎಲ್ಲರೂ ಒಪ್ಪಿಲ್ಲ. ಬೆಲ್ಜಿಯಮ್ಮಿನ ಲಿಯೇಜ್ ವಿಶ್ವವಿದ್ಯಾಲಯದ ವೀರ್ಲೆ ರಾಟ್ಸ್ ಅವರು ಇಂಥ ವಾದಗಳಿಗೆಲ್ಲ ಬಿಗಿ ಪರೀಕ್ಷೆ ಒಡ್ಡುವವರು. ಮೊನೆ ಮುರಿಯಲು ಬೇಟೆಯೇ ಆಗಬೇಕಿಲ್ಲ. ಮಾಡುವಾಗ ಮುರಿಯಬಹುದು, ದನಗಳ ಗೊರಸಿಗೆ ಸಿಕ್ಕಿ ಮುರಿಯಬಹುದು, ನದಿಯಲ್ಲಿ ಉರುಳಿ ಮುರಿಯಬಹುದು. ಹೀಗಾಗಿ ಒಂದು ಗುರುತು ಸಾಲದು. ಮುರಿದ ತುದಿ, ಬುಡದ ಸವಕಳಿ, ಅಂಟಿನ ಕಲೆ, ಮೈಮೇಲಿನ ಸೂಕ್ಷ್ಮ ಗೀರು ಎಲ್ಲವೂ ಒಂದೇ ಕಡೆ ಬೆರಳು ತೋರಿಸಬೇಕು. ಈ ಶಿಸ್ತು ಸುದ್ದಿಯ ತಲೆಬರಹಗಳಿಗೆ ಹಿಡಿಸದಿರಬಹುದು. ನನಗಂತೂ ಈ ವಿಜ್ಞಾನದಲ್ಲಿ ಅತ್ಯಂತ ಗೌರವ ಹುಟ್ಟಿಸುವ ಸಂಗತಿ ಅದೇ.

ಕಲ್ಲು ಸಿದ್ಧವಾದರೆ ಕೆಲಸ ಮುಗಿಯಲಿಲ್ಲ. ಓಡುವ ಪ್ರಾಣಿಯ ಮೈಗೆ ಬಡಿದಾಗ ಕಲ್ಲು ಕಿತ್ತು ಬರಬಾರದು. ಯುರೋಪಿನ ನಿಯಾಂಡರ್ತಲ್ ಮಾನವರು ಬರ್ಚ್ ಮರದ ತೊಗಟೆಯನ್ನು ಕಾಯಿಸಿ ಕಪ್ಪು ರಾಳ ತೆಗೆಯುತ್ತಿದ್ದರು. ಇಟಲಿಯ ಕಾಂಪಿಟೆಲ್ಲೊದಲ್ಲಿ ಸಿಕ್ಕ, ಸುಮಾರು 2 ಲಕ್ಷ ವರ್ಷ ಹಿಂದಿನ ಕಲ್ಲಿನ ಚೂರುಗಳ ಮೇಲೆ ಅದು ಇನ್ನೂ ಅಂಟಿಕೊಂಡಿದೆ. ದಕ್ಷಿಣ ಆಫ್ರಿಕದ ಕ್ವಾಜುಲು-ನಟಾಲ್‌ನ ಸಿಬುಡು ಗುಹೆಯಲ್ಲಿ ಕಂಡದ್ದು ಇನ್ನೊಂದು ಬಗೆ. ಅಲ್ಲಿನ ಕಲ್ಲಿನ ತುಣುಕುಗಳ ಬುಡದಲ್ಲಿ ಗಿಡದ ಗೋಂದಿನ ಜೊತೆ ಕೆಂಪು ಕಾವಿಯ ಪುಡಿ ಇತ್ತು. ಕಾವಿ ಎಂದರೆ ಬಣ್ಣಕ್ಕೆ, ಪೂಜೆಗೆ ಎಂದೇ ಎಲ್ಲರೂ ಭಾವಿಸಿದ್ದರು. ಲಿನ್ ವಾಡ್ಲಿ ತಾವೇ ಕೂತು ಅಂಟು ಮಾಡಿ ನೋಡಿದರು. ಬರೀ ಗೋಂದು ಒಣಗಿದ ಮೇಲೆ ಗಾಜಿನಂತೆ ಒಡೆಯುತ್ತದೆ, ತೇವಕ್ಕೆ ಕರಗುತ್ತದೆ. ಕಾವಿ ಬೆರೆಸಿದರೆ ಬಲ ಬರುತ್ತದೆ. ಕಾವಿ ಹೆಚ್ಚಾದರೆ ಪುಡಿಪುಡಿ. ಒಂದಿಷ್ಟು ಜೇನುಮೇಣವೋ ಕೊಬ್ಬೋ ಸೇರಿದರೆ ಬಾಗುವ ಗುಣ ಬರುತ್ತದೆ. ಬೆಂಕಿಗೆ ತೀರಾ ಹತ್ತಿರ ಹಿಡಿದರೆ ಗುಳ್ಳೆ ಎದ್ದು ಹಾಳು, ದೂರ ಹಿಡಿದರೆ ಒಣಗದು. ಗೋಂದು ಗಿಡದಿಂದ ಗಿಡಕ್ಕೆ, ದಿನದಿಂದ ದಿನಕ್ಕೆ ಬೇರೆ. ಹೀಗಾಗಿ ಅಳತೆ ಕಟ್ಟಿಟ್ಟುಕೊಂಡು ಮಾಡುವಂತಿಲ್ಲ. ಹೋಳಿಗೆಯ ಕಣಕದ ಹಾಗೆ ಕೈಗೇ ಹದ ತಿಳಿಯಬೇಕು. 2009ರಲ್ಲಿ ವಾಡ್ಲಿ ಮತ್ತು ಸಂಗಡಿಗರು ಈ ಪ್ರಯೋಗಗಳನ್ನು ಪ್ರಕಟಿಸಿ, ಏಕಕಾಲಕ್ಕೆ ಹಲವು ಸಂಗತಿಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲವರಿಂದ ಮಾತ್ರ ಈ ಕೆಲಸ ಸಾಧ್ಯ, ಆ ಮಟ್ಟಿಗೆ ಅವರ ಬುದ್ಧಿ ನಮ್ಮದಕ್ಕೆ ಸಮ ಎಂದರು. ಗುಹಾಚಿತ್ರವನ್ನೋ ಮಣಿಸರವನ್ನೋ ಮುಂದಿಟ್ಟು ಬುದ್ಧಿಯನ್ನು ಸಾಬೀತು ಮಾಡುವುದು ರೂಢಿ. ಅಂಟಿನಲ್ಲಿ ಅದನ್ನು ಕಂಡದ್ದು ಅಡುಗೆ, ಕಸುಬು, ಕೈಕೆಲಸಗಳನ್ನೆಲ್ಲ ಗೌರವಿಸುವ ನೋಟ.

ಬಿಲ್ಲು

ಅದೇ ಸಿಬುಡು ಗುಹೆ ಬಿಲ್ಲಿನ ಚರಿತ್ರೆಗೂ ಬಾಗಿಲು. ಅಲ್ಲಿನ ಸುಮಾರು 64,000 ವರ್ಷ ಹಿಂದಿನ ಪದರದಲ್ಲಿ ಬೆಣಚುಕಲ್ಲಿನ ಪುಟ್ಟ ಅರ್ಧಚಂದ್ರಾಕೃತಿಯ ಚೂರುಗಳಿವೆ. ಮಾರ್ಲೀಜ್ ಲೊಂಬಾರ್ಡ್ ಅವುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ರಕ್ತ, ಎಲುಬು, ಅಂಟುಗಳ ಕುರುಹು ಹಾಗೂ ಬಡಿದು ಮುರಿದ ಗುರುತು ಕಂಡವು. ಈಟಿಗೆ ಹಚ್ಚಲು ಅವು ತೀರಾ ಚಿಕ್ಕವು. ಅದೇ ಗುಹೆಯಲ್ಲಿ ಎಲುಬಿನ ತೆಳ್ಳನೆ ಮೊನೆಯೂ ಸಿಕ್ಕಿತ್ತು. ಬಾಣವಿದ್ದರೆ ಬಿಲ್ಲೂ ಇರಲೇಬೇಕು ಎಂಬುದು 2010ರ ಅವರ ವಾದ. ಬಿಲ್ಲಿನ ಹೆಚ್ಚುಗಾರಿಕೆ ದೂರಕ್ಕೆ ಹೊಡೆಯುವುದರಲ್ಲಿ ಮಾತ್ರ ಇಲ್ಲ. ತೋಳಿನ ಬಲವನ್ನು ನಿಧಾನವಾಗಿ ಮರದಲ್ಲಿ ಕೂಡಿಟ್ಟು, ಒಂದೇ ಕ್ಷಣದಲ್ಲಿ ಬಿಡುಗಡೆ ಮಾಡುವ ಮೊದಲ ಯಂತ್ರಗಳಲ್ಲಿ ಅದೊಂದು. ಪೊದೆಯ ಮರೆಯಲ್ಲಿ ಕೂತು, ಮೈ ಅಲುಗಿಸದೆ, ಒಂಟಿಯಾಗಿ ಬೇಟೆಯಾಡಬಹುದು. ಬಾಣ ತಪ್ಪಿದರೆ ಬತ್ತಳಿಕೆಯಲ್ಲಿ ಇನ್ನೊಂದಿದೆ.

ಫ್ರಾನ್ಸಿನ ರೋನ್ ಕಣಿವೆಯ ಮಾಂಡ್ರಿನ್ ಗುಹೆಯ ಕಥೆ ಇನ್ನೂ ಕುತೂಹಲದ್ದು. ಅಲ್ಲಿ ನಿಯಾಂಡರ್ತಲ್ ಪದರಗಳ ನಡುವೆ ಸಿಕ್ಕಿಕೊಂಡಂತೆ ಸುಮಾರು 54,000 ವರ್ಷ ಹಿಂದಿನ ಒಂದು ಪದರವಿದೆ. ಅದರಲ್ಲಿ ಸಿಕ್ಕ ಮಗುವಿನ ಹಾಲುಹಲ್ಲು ನಮ್ಮ ಜಾತಿಯದು. ಆ ಪದರದ ಕಲ್ಲಿನ ಮೊನೆಗಳಲ್ಲಿ ಹಲವು ಒಂದು ಸೆಂಟಿಮೀಟರಿಗಿಂತ ಕಿರಿದು. ಲಾರ್ ಮೆಟ್ಸ್, ಲುಡೊವಿಕ್ ಸ್ಲಿಮಾಕ್ ಮೊದಲಾದವರು 2023ರಲ್ಲಿ ಇವು ಬಾಣದ ಮೊನೆಗಳೆಂದು ವಾದಿಸಿದರು. ನಂತರದ ಪದರಗಳ ನಿಯಾಂಡರ್ತಲ್ ಮಾನವರು ಮಾತ್ರ ತಮ್ಮ ಭಾರದ ಈಟಿಗಳನ್ನೇ ಮುಂದುವರಿಸಿದಂತೆ ಕಾಣುತ್ತದೆ. ಇದರಿಂದಲೇ ನಾವು ಗೆದ್ದೆವು, ಅವರು ಸೋತರು ಎಂದು ಹೇಳುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ: ಮಾಂಡ್ರಿನ್ನಿನ ಆ ಬಿಲ್ಲುಗಾರರೂ ಅಲ್ಲಿ ನೆಲೆಯೂರಲಿಲ್ಲ, ಅವರ ನಂತರ ಗುಹೆ ಮತ್ತೆ ನಿಯಾಂಡರ್ತಲ್ ಮಾನವರದೇ ಆಯಿತು.

ಈ ಎಲ್ಲ ವಾದಗಳಲ್ಲಿ ಬಿಲ್ಲು ಮಾತ್ರ ಕಣ್ಣಿಗೆ ಬಿದ್ದಿಲ್ಲ ಎಂಬುದನ್ನು ಗಮನಿಸಬೇಕು. ಇಡಿಯಾಗಿ ಉಳಿದ ಬಿಲ್ಲುಗಳಲ್ಲಿ ಬಹಳ ಹಳೆಯವು ಡೆನ್ಮಾರ್ಕಿನ ಹೊಲ್ಮೆಗೋರ್ ಜೌಗಿನಲ್ಲಿ 1944ರಲ್ಲಿ ಸಿಕ್ಕವು. ಎಲ್ಮ್ ಮರದ ಅವುಗಳಿಗೆ ಸುಮಾರು 9,000 ವರ್ಷ ವಯಸ್ಸು. ಸಿಬುಡುವಿನಿಂದ ಅಲ್ಲಿಯವರೆಗೆ ಐವತ್ತು ಸಾವಿರ ವರ್ಷಕ್ಕೂ ಮೀರಿದ ಕಂದರ. ಅಷ್ಟು ಕಾಲದಲ್ಲಿ ಬಾಗಿ ಮುರಿದ ಬಿಲ್ಲುಗಳೆಲ್ಲ ಮಣ್ಣಾಗಿವೆ.

ನಮ್ಮ ಕಡೆ

ಪಶ್ಚಿಮಘಟ್ಟದ ಕಾಡನ್ನು ಬಲ್ಲವರಿಗೆ ಶ್ರೀಲಂಕಾದ ಫಾ ಹಿಯೆನ್ ಗುಹೆಯ ಸಂಗತಿ ಬಲು ಆಪ್ತವಾಗುತ್ತದೆ. ದ್ವೀಪದ ನೈಋತ್ಯದ ಮಳೆಕಾಡಿನ ಈ ಗುಹೆಯಲ್ಲಿ ಮನುಷ್ಯರು ಸುಮಾರು 48,000 ವರ್ಷಗಳ ಹಿಂದೆಯೇ ನೆಲೆಸಿದ್ದರು. ಓಶನ್ ವೆಡಗೆ, ಪ್ಯಾಟ್ರಿಕ್ ರಾಬರ್ಟ್ಸ್ ಮೊದಲಾದವರು 2019ರಲ್ಲಿ ಅಲ್ಲಿನ ಎಲುಬುಗಳ ವಿವರ ಕೊಟ್ಟರು. ಬಹುಪಾಲು ಮಂಗ, ಲಂಗೂರ್ ಮತ್ತು ಕೆಂಜಳಿಲುಗಳವು. ಮರದ ನೆತ್ತಿಯಲ್ಲಿ ಓಡಾಡುವ ಈ ಪ್ರಾಣಿಗಳಿಗೆ ಈಟಿ ಎಸೆದು ಪ್ರಯೋಜನವಿಲ್ಲ. 2020ರಲ್ಲಿ ಮಿಶೆಲ್ ಲ್ಯಾಂಗ್ಲಿ ಮತ್ತು ಸಂಗಡಿಗರು ಅದೇ ಗುಹೆಯ ಎಲುಬಿನ ಮೊನೆಗಳನ್ನು ಪರೀಕ್ಷಿಸಿ, ರಭಸದಿಂದ ಬಡಿದಾಗ ಆಗುವ ಒಡಕುಗಳನ್ನು ಗುರುತಿಸಿದರು. ಇವು ಬಾಣದ ಮೊನೆಗಳು ಎಂಬುದು ಅವರ ನಿಲುವು. ಮೊನೆ ಮಾಡಲು ಬಳಸಿದ್ದು ಹೆಚ್ಚಾಗಿ ಮಂಗನ ಎಲುಬನ್ನೇ. ನಿನ್ನೆ ಬೇಟೆಯಾದ ಪ್ರಾಣಿ ನಾಳೆಯ ಬೇಟೆಗೆ ಮೊನೆ ಕೊಟ್ಟಿತು. ಹಿಮಯುಗದ ಬಯಲುಗಳಲ್ಲಿ ಮ್ಯಾಮತ್ ಬೆನ್ನಟ್ಟುವ ಯುರೋಪಿನ ಚಿತ್ರವೇ ಬೇಟೆಯ ಚರಿತ್ರೆ ಎಂದು ಕಲಿತವರಿಗೆ ಇದು ಬೇರೆಯದೇ ಲೋಕ: ಮಳೆ, ಜಿಗಣೆ, ತಲೆ ಎತ್ತಿ ನೋಡಬೇಕಾದ ಬೇಟೆ.

ನಮ್ಮ ನೆಲದಲ್ಲಿ ಏನಿದೆ? ಯಾದಗಿರಿ ಜಿಲ್ಲೆಯ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ದಶಕಗಳ ಕಾಲ ದುಡಿದು ನೂರಾರು ಹಳೆ ಶಿಲಾಯುಗದ ನೆಲೆಗಳನ್ನು ಬೆಳಕಿಗೆ ತಂದರು. ಇಸಾಂಪುರದಲ್ಲಿ ಸುಣ್ಣಕಲ್ಲಿನ ಬಂಡೆಯನ್ನು ಎಬ್ಬಿಸಿ ಕೈಕೊಡಲಿ ಮಾಡುತ್ತಿದ್ದ ಜಾಗವೇ ಸಿಕ್ಕಿದೆ. ಅಲ್ಲಿನ ಕಾಡುದನದ ಹಲ್ಲುಗಳನ್ನು ಪರೀಕ್ಷಿಸಿ ಸುಮಾರು 12 ಲಕ್ಷ ವರ್ಷ ಎಂಬ ಕಾಲ ಕೊಟ್ಟಿದ್ದಾರೆ. ಈ ಕೈಕೊಡಲಿಗಳನ್ನು ನಮ್ಮಲ್ಲಿ ಬೇಟೆಯ ಆಯುಧ ಎಂದು ಬರೆಯುವುದುಂಟು. ಕೈಕೊಡಲಿ ಕುಯ್ಯುವ, ಕೆತ್ತುವ ಉಪಕರಣ. ತಾಂಜಾನಿಯದ ಪೆನಿಂಜ್‌ನಲ್ಲಿ ಇಂಥ ಕೈಕೊಡಲಿಗಳ ಅಂಚಿನಲ್ಲಿ ಜಾಲಿ ಜಾತಿಯ ಮರದ ಸೂಕ್ಷ್ಮ ಕಣಗಳು ಸಿಕ್ಕಿವೆ. ಅಂದರೆ ಅವುಗಳಿಂದ ಮರ ಕೆತ್ತುತ್ತಿದ್ದರು. ಹುಣಸಗಿಯ ಕೈಕೊಡಲಿಗಳೂ ಹಾಗೆ ಕೋಲುಗಳನ್ನು ಚೂಪು ಮಾಡಿರಬಹುದು. ನಿಜವಾದ ಆಯುಧ ಆ ಕೋಲು. ನಮ್ಮ ಬಿಸಿಲು, ಮಳೆ, ಗೆದ್ದಲಿಗೆ ಅದು ನಾಲ್ಕು ವರ್ಷ ಬಾಳಿದ್ದರೆ ಹೆಚ್ಚು.

ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಮೈಕೆಲ್ ಪೆಟ್ರಾಗ್ಲಿಯ ಮತ್ತು ಸಂಗಡಿಗರು ನಡೆಸಿದ ಉತ್ಖನನದಲ್ಲಿ ಸುಮಾರು 35,000 ವರ್ಷ ಹಿಂದಿನಿಂದಲೇ ಸೂಕ್ಷ್ಮ ಶಿಲಾಯುಧಗಳು ಕಾಣುತ್ತವೆ. ಮಧ್ಯಪ್ರದೇಶದ ಮೆಹ್ತಾಖೇಡಿಯಲ್ಲಿ 48,000 ವರ್ಷದವರೆಗೂ ಕಾಲ ಹೋಗಿದೆ. ಬಳ್ಳಾರಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದ ಪದರಕ್ಕೂ ಕೆಳಗೆ ಬೆಣಚುಕಲ್ಲಿನ ಇಂಥ ಚೂರುಗಳಿವೆ. ಸಿಬುಡುವಿನ ಅರ್ಧಚಂದ್ರಗಳನ್ನು ನೋಡಿ ಬಂದವರಿಗೆ ಇವು ದೂರದ ನೆಂಟರಂತೆ ಕಾಣಿಸುವುದು ಸಹಜ. ಅವುಗಳಲ್ಲಿ ಎಷ್ಟು ಬಾಣಕ್ಕೆ, ಎಷ್ಟು ಕುಡುಗೋಲಿಗೆ, ಎಷ್ಟು ಚರ್ಮ ಹದ ಮಾಡಲು ಎಂದು ಆಕಾರವಷ್ಟೇ ಹೇಳದು. ಅರ್ಥ ಕೊಡಬಲ್ಲ ಒಂದು ಸಾಕ್ಷಿ ಮಧ್ಯ ಭಾರತದ ಬಂಡೆಚಿತ್ರಗಳಲ್ಲಿದೆ: ಭೀಮಬೆಟ್ಕ ಮತ್ತು ಸುತ್ತಲಿನ ಆಶ್ರಯಗಳಲ್ಲಿ ಬೇಟೆಗಾರರ ಬಾಣಗಳಿಗೆ ಸಾಲಾಗಿ ಮುಳ್ಳುಗಳನ್ನು ಬರೆದಿದ್ದಾರೆ. ಕಲ್ಲಿನ ಚೂರುಗಳನ್ನು ಕೋಲಿನ ಅಂಚಿಗೆ ಕೂಡಿಸುತ್ತಿದ್ದ ಬಗೆ ಅದು. ಇನ್ನೊಂದು ಸಾಕ್ಷಿ ಕಠೋರವಾದದ್ದು. ಉತ್ತರಪ್ರದೇಶದ ಸರಾಯ್ ನಾಹರ್ ರಾಯ್‌ನ ಸಮಾಧಿಗಳಲ್ಲಿ ಮನುಷ್ಯರ ಎಲುಬಿನಲ್ಲೇ ಸೂಕ್ಷ್ಮ ಶಿಲಾಯುಧ ನಾಟಿಕೊಂಡಿತ್ತು. ಜಿಂಕೆಗೆ ಗುರಿಯಿಟ್ಟ ಬಿಲ್ಲು ಮನುಷ್ಯನ ಕಡೆಗೂ ತಿರುಗಿತ್ತು.

ನಮ್ಮಲ್ಲಿ ಆಗಬೇಕಾದ ಕೆಲಸ ಯಾವುದೆಂದು ತೋರಿಸುವ ಒಂದು ಉದಾಹರಣೆ ಈಚೆಗೆ ದಕ್ಷಿಣ ಆಫ್ರಿಕದಿಂದ ಬಂದಿದೆ. ಕ್ವಾಜುಲು-ನಟಾಲ್‌ನ ಉಮ್ಲತುಜಾನ ಕಲ್ಲಾಸರೆಯಲ್ಲಿ 1985ರಲ್ಲಿ ಉತ್ಖನನ ನಡೆದಿತ್ತು. ಅಲ್ಲಿನ ಸುಮಾರು 60,000 ವರ್ಷ ಹಿಂದಿನ ಬೆಣಚುಕಲ್ಲಿನ ಚೂರುಗಳು ಅಂದಿನಿಂದ ವಸ್ತುಸಂಗ್ರಹಾಲಯದಲ್ಲೇ ಇದ್ದವು. ಸ್ವೆನ್ ಇಸಾಕ್ಸನ್, ಆಂಡರ್ಸ್ ಹೋಗ್‌ಬರ್ಗ್ ಮತ್ತು ಮಾರ್ಲೀಜ್ ಲೊಂಬಾರ್ಡ್ ಅವುಗಳ ಮೇಲೆ ಉಳಿದ ಅಂಟಿನ ಕಲೆಯನ್ನು ರಾಸಾಯನಿಕವಾಗಿ ಪರೀಕ್ಷಿಸಿ 2026ರಲ್ಲಿ ಪ್ರಕಟಿಸಿದರು. ಕೆಲವು ಚೂರುಗಳಲ್ಲಿ ವಿಷದ ಕುರುಹು ಸಿಕ್ಕಿತು. ಆ ಸೀಮೆಯಲ್ಲಿ ಬೆಳೆಯುವ ಒಂದು ವಿಷಗೆಡ್ಡೆಯ ಹಾಲಿನದು. ಅದೇ ವಿಷವನ್ನು ಹದಿನೆಂಟನೇ ಶತಮಾನದಲ್ಲಿ ಪ್ರವಾಸಿಗರು ಒಯ್ದು ಸ್ವೀಡನ್ನಿನಲ್ಲಿಟ್ಟ ಬಾಣಗಳಲ್ಲೂ ಕಂಡರು. ಬಾಣ ತಾಗಿದೊಡನೆ ಪ್ರಾಣಿ ಸಾಯುವುದಿಲ್ಲ. ವಿಷ ಏರುವವರೆಗೆ ಗಂಟೆಗಟ್ಟಲೆ ಅದರ ಹೆಜ್ಜೆ ಹಿಡಿದು ನಡೆಯಬೇಕು. ಈಗ ಮಾಡಿದ್ದರ ಫಲ ಆಮೇಲೆ ಬರುತ್ತದೆಂಬ ಎಣಿಕೆ ಅಷ್ಟು ಹಿಂದೆಯೇ ಕೋಲಿನ ತುದಿಯಲ್ಲಿ ಸವರಿಕೊಂಡು ಕೂತಿತ್ತು.

ನಲವತ್ತು ವರ್ಷ ಸಂಗ್ರಹದಲ್ಲಿದ್ದ ಕಲ್ಲು ಇಷ್ಟನ್ನು ಹೇಳಿತು, ಏಕೆಂದರೆ ಅದರ ಮೈಮೇಲಿನ ಕಲೆ ಅಳಿದಿರಲಿಲ್ಲ. ಹಿಂದೆಲ್ಲ ಉತ್ಖನನದಲ್ಲಿ ಸಿಕ್ಕ ಕಲ್ಲನ್ನು ಬ್ರಷ್ ಹಿಡಿದು ಉಜ್ಜಿ ತೊಳೆಯುವುದು, ಒಣಗಿಸಿ ಸಂಖ್ಯೆ ಬರೆದು ಮೇಲೆ ವಾರ್ನಿಷ್ ಬಳಿಯುವುದು ಶಿಸ್ತೆಂದೇ ಎಣಿಸಲಾಗಿತ್ತು. ಇಂದು ಸೂಕ್ಷ್ಮ ಕುರುಹುಗಳನ್ನು ಹುಡುಕುವವರು ಕಲ್ಲನ್ನು ಕೈಗವಸು ತೊಟ್ಟು ಎತ್ತುತ್ತಾರೆ, ಮಣ್ಣಿನ ಸಮೇತ ಪ್ರತ್ಯೇಕ ಚೀಲಕ್ಕೆ ಹಾಕುತ್ತಾರೆ, ಪಕ್ಕದ ಮಣ್ಣನ್ನೂ ಹೋಲಿಕೆಗೆಂದು ಇಟ್ಟುಕೊಳ್ಳುತ್ತಾರೆ. ಕೃಷ್ಣಾ–ತುಂಗಭದ್ರೆಯ ಬಯಲಿನಲ್ಲಿ, ಬಳ್ಳಾರಿಯ ಬೆಟ್ಟಗಳ ಬುಡದಲ್ಲಿ, ಕರ್ನೂಲಿನ ಗವಿಗಳಲ್ಲಿ ಇನ್ನೂ ಅಗೆಯದ ಪದರಗಳಿವೆ. ಮುಂದೆ ಅಲ್ಲಿ ಸಿಗುವ ಬೆಣಚುಕಲ್ಲಿನ ಚೂರುಗಳಲ್ಲಿ ಒಂದು ಪಾಲನ್ನಾದರೂ ನೀರು ಸೋಕಿಸದೆ ತೆಗೆದಿಡಬೇಕು. ಕೆರೆಗಳ ಹೂಳೆತ್ತುವಾಗ, ಕಾಲುವೆ ತೋಡುವಾಗ ಆಳದ ಕಪ್ಪು ಕೆಸರಿನಲ್ಲಿ ಹಳೆಯ ಮರದ ತುಂಡು ಕಂಡರೆ ಅದನ್ನು ಬಿಸಿಲಿಗೆ ಎಸೆಯದೆ, ತೇವ ಆರದಂತೆ ಸುತ್ತಿಟ್ಟು, ಹತ್ತಿರದ ಪುರಾತತ್ವ ಇಲಾಖೆಗೋ ವಿಶ್ವವಿದ್ಯಾಲಯಕ್ಕೋ ತಿಳಿಸಬೇಕು. ಶೋನಿಂಗನ್ನಿನಲ್ಲಿ ಕಲ್ಲಿದ್ದಲ ಯಂತ್ರದ ಮುಂದೆ ಥೀಮೆ ಹನ್ನೊಂದು ವರ್ಷ ಕಾದದ್ದು ಅಂಥ ಒಂದು ಕೋಲಿಗಾಗಿ.